ಎರೆ ಮಣ್ಣಿನ ಮನೆಗಳಲ್ಲಿ ಬಚ್ಚಲು, ಸಂಡಾಸಿನ ಪೈಪ್ ಲೈನ್: ದೋಷ ಹುಡುಕುವುದು, ಸರಿಪಡಿಸುವುದು

ಬಚ್ಚಲಲ್ಲಿ ನೀರು ನಿಲ್ಲತೊಡಗಿದರೆ ಮೊದಲು ಆಸಿಡ್ ಸುರಿಯುತ್ತಾರೆ, ಅದು ಕೆಲಸ ಮಾಡದಿದ್ದರೆ ಗೌಂಡಿಯನ್ನು ಕರೆಸಿ ಟೈಲ್ಸ್ ಒಡೆಸುತ್ತಾರೆ. ಎರಡೂ ಅವಸರದ ಕೆಲಸ. ನೆಲದೊಳಗಿನ ಲೈನ್ ಎಲ್ಲಿ ಕೆಟ್ಟಿದೆ, ಏನಾಗಿ ಕೆಟ್ಟಿದೆ ಎಂಬುದನ್ನು ಒಂದು ಬಕೆಟ್ ನೀರು, ಬಟ್ಟೆಗೆ ಹಾಕುವ ನೀಲಿ, ಒಂದು ಟಾರ್ಚ್, ಒಂದು ಕನ್ನಡಿ, ಉದ್ದನೆಯ ಬಿದಿರಿನ ದಬ್ಬೆ ಇಷ್ಟರಲ್ಲೇ ಬಹುಮಟ್ಟಿಗೆ ಪತ್ತೆ ಹಚ್ಚಬಹುದು. ಅರ್ಧ ದಿನ ಹಿಡಿಯುತ್ತದೆ. ಆಮೇಲೆ ಅಗೆದರೆ ಮೂರಡಿ ಅಗೆದರೆ ಸಾಕು, ಮೂವತ್ತು ಅಡಿ ಬೇಕಿಲ್ಲ.

ಸಿಂಧನೂರು, ಮಾನ್ವಿ, ಸಿರುಗುಪ್ಪ, ಯಲಬುರ್ಗಾ ಕಡೆಯ ಎರೆ ನೆಲದಲ್ಲಿ ಪೈಪ್ ಒಡೆದಿದ್ದರೆ ಮೊದಲ ಅನುಮಾನ ಮಣ್ಣಿನ ಮೇಲೆಯೇ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ರೋಹಿಣಿ, ಮೃಗಶಿರಾ ಮಳೆಗೆ ಮತ್ತೆ ಉಬ್ಬುತ್ತದೆ. ಮನೆಯ ಗೋಡೆ ಅಡಿಪಾಯದ ಮೇಲೆ ನಿಂತಿರುವುದರಿಂದ ಹೆಚ್ಚು ಅಲುಗುವುದಿಲ್ಲ, ಹೊರಗಿನ ಮಣ್ಣಿನಲ್ಲಿರುವ ಪೈಪ್ ಮಾತ್ರ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಹೀಗಾಗಿ ಪೈಪ್ ಪ್ಲಿಂತ್ (ನೆಲಮಟ್ಟದ ಅಡಿಪಾಯದ ಗೋಡೆ) ದಾಟಿ ಹೊರಬರುವ ಎರಡು ಮೂರು ಅಡಿಯೊಳಗೆ, ಇಲ್ಲವೇ ಚೇಂಬರ್ (ಲೈನ್ ತೆರೆದು ನೋಡಲು ಕಟ್ಟಿದ ಗುಂಡಿ) ಗೋಡೆಯ ಹತ್ತಿರ ಮುರಿಯುತ್ತದೆ. ಬಳ್ಳಾರಿಯ ಬಂಡೆ ನೆಲದಲ್ಲಿ ಕಥೆ ಬೇರೆ: ಅಲ್ಲಿ ಪೈಪಿನ ಅಡಿಗೆ ಕಲ್ಲಿನ ಚೂಪು ಸಿಕ್ಕಿ, ಮೇಲೆ ಟ್ರ್ಯಾಕ್ಟರ್ ಹಾಯ್ದು, ಅದೇ ಬಿಂದುವಿನಲ್ಲಿ ಸೀಳುತ್ತದೆ.

ಕಟ್ಟಿದೆಯೋ, ಒಡೆದಿದೆಯೋ

ಎಲ್ಲೆಲ್ಲಿ ನೀರು ನಿಲ್ಲುತ್ತಿದೆ ಎಂದು ಮೊದಲು ನೋಡಿ. ಅಡುಗೆಮನೆಯ ಸಿಂಕ್ ಒಂದೇ ನಿಂತರೆ ದೋಷ ಆ ಸಿಂಕಿನ ಟ್ರ್ಯಾಪ್‌ನಲ್ಲೋ (ವಾಸನೆ ಮೇಲೆ ಬಾರದಂತೆ ನೀರು ನಿಲ್ಲುವ ಭಾಗ) ಅದರ ಸಣ್ಣ ಪೈಪಿನಲ್ಲೋ ಇದೆ, ನೆಲ ಮುಟ್ಟಬೇಡಿ. ನಮ್ಮ ಕಡೆ ಸಿಂಕ್ ಕಟ್ಟಲು ರೊಟ್ಟಿ ಮಾಡಿದ ಕೊಣಮಿಗೆಯ ಹಿಟ್ಟು, ಬಜ್ಜಿಯ ಎಣ್ಣೆ, ಪಾತ್ರೆ ತಿಕ್ಕಿದ ಬೂದಿ ಮೂರೂ ಸೇರಿಕೊಳ್ಳುತ್ತವೆ. ಗಡಸು ಬೋರ್ ನೀರಿನಲ್ಲಿ ಸಾಬೂನು ಕರಗದೆ ಇವಕ್ಕೆ ಅಂಟಾಗಿ ಕೂಡುತ್ತದೆ. ಸಿಂಕಿನ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆದರೆ ಹೆಚ್ಚಿನ ಸಲ ಮುಗಿಯಿತು. ಅನ್ನ ಬಸಿದ ಕುದಿವ ಗಂಜಿಯನ್ನು ನೇರ ಸಿಂಕಿಗೆ ಸುರಿಯುವ ಅಭ್ಯಾಸವಿದ್ದರೆ ಬಿಡಬೇಕು. 80 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಪಿವಿಸಿ ಮೆತ್ತಗಾಗಿ ಜೋತು ಬೀಳುತ್ತದೆ, ಆ ಜೋತಿನಲ್ಲಿ ಹಿಟ್ಟು ಕೂರುತ್ತದೆ.

ಕಮೋಡ್‌ಗೆ ನೀರು ಬಿಟ್ಟಾಗ ಬಚ್ಚಲಿನ ನಹಾನಿ ಟ್ರ್ಯಾಪ್‌ನಲ್ಲಿ (ನೆಲದ ನೀರು ಹೋಗುವ ಬಾಯಿ) ಗುಳುಗುಳು ಸದ್ದು ಬಂದರೆ ಎರಡೂ ಸೇರಿದ ನಂತರದ ಪೈಪಿನಲ್ಲಿ ಅಡ್ಡಿಯಿದೆ, ಇಲ್ಲವೇ ಗಾಳಿ ಪೈಪ್ ಇಲ್ಲ ಅಥವಾ ಮುಚ್ಚಿಹೋಗಿದೆ. ಮಹಡಿಯ ನೀರು ಬಿಟ್ಟಾಗ ಕೆಳಮನೆಯ ಬಚ್ಚಲಲ್ಲಿ ನೀರು ಮೇಲೇಳುತ್ತಿದ್ದರೆ ಮುಖ್ಯ ಲೈನ್ ಕಟ್ಟಿದೆ, ಆಗ ಮನೆಯ ಎಲ್ಲ ನಳ ನಿಲ್ಲಿಸಿಯೇ ಮುಂದಿನ ಕೆಲಸ.

ಒಡೆದ ಪೈಪಿನ ಗುರುತುಗಳು ಬೇರೆ. ಪ್ಲಿಂತ್ ಮಟ್ಟದಲ್ಲಿ ಗೋಡೆ ತಣ್ಣಗೆ ಒದ್ದೆಯಾಗಿ ಬಣ್ಣದಡಿ ಬಿಳಿ ಉಪ್ಪು ಉಬ್ಬುತ್ತದೆ. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿದರೆ ಪೊಳ್ಳು ಸದ್ದು ಕೇಳುತ್ತದೆ. ಮೇ ತಿಂಗಳ ಬಿಸಿಲಲ್ಲೂ ಕಾಂಪೌಂಡಿನ ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿರುತ್ತದೆ. ಹೆಗ್ಗಣದ ಬಿಲವನ್ನು ಎಂದೂ ಹಗುರವಾಗಿ ಕಾಣಬೇಡಿ. ಚೇಂಬರ್ ಪಕ್ಕ ಹೊಸ ಮಣ್ಣಿನ ಗುಡ್ಡೆ ಎದ್ದಿದ್ದರೆ ಒಡೆದ ಜಾಯಿಂಟ್ ಮೂಲಕ ಹೆಗ್ಗಣ ಓಡಾಡುತ್ತಿರಬಹುದು. ಅದು ಪೈಪಿನ ಅಡಿಯ ಮಣ್ಣನ್ನೇ ತೋಡಿ ತೆಗೆದರೆ ಪೈಪ್ ಗಾಳಿಯಲ್ಲಿ ತೂಗುತ್ತದೆ.

ಒದ್ದೆ ಗೋಡೆಗೆ ಕುಡಿಯುವ ನೀರಿನ ಪೈಪ್ ಸೋರಿಕೆಯೂ ಕಾರಣವಾಗಬಹುದು. ರಾತ್ರಿ ಮಲಗುವಾಗ ಮೇಲಿನ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ, ಯಾರೂ ನೀರು ಬಳಸದೆ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ದೋಷ ನಳದ ಪೈಪಿನದು. ಇಳಿಯದೆ, ಸ್ನಾನ ಮಾಡಿದ ಮೇಲಷ್ಟೇ ಒದ್ದೆ ಹೆಚ್ಚಾದರೆ ಹೊಲಸು ನೀರಿನ ಪೈಪಿನದು. ಸಂಪ್ ನೀರಿನಲ್ಲಿ ವಾಸನೆ ಬಂದಿದ್ದರೆ ಮಾತ್ರ ಯಾವ ಪರೀಕ್ಷೆಗೂ ಕಾಯಬೇಡಿ: ಆ ನೀರು ಕುಡಿಯುವುದನ್ನು, ಅಡುಗೆಗೆ ಬಳಸುವುದನ್ನು ಅದೇ ಗಳಿಗೆಯಿಂದ ನಿಲ್ಲಿಸಿ, ಸಂಪ್ ಖಾಲಿ ಮಾಡಿಸಿ. ಕಾಮಾಲೆ, ಟೈಫಾಯಿಡ್ ಮನೆಯೊಳಗೆ ಬರುವ ದಾರಿಗಳಲ್ಲಿ ಇದೂ ಒಂದು.

ಚೇಂಬರ್ ತೆರೆದು ನೋಡುವುದು

ಮುಚ್ಚಳವೋ ಪರ್ಸಿ ಕಲ್ಲೋ, ಹಾರೆಯಿಂದ ಎತ್ತಿ ಹತ್ತು ನಿಮಿಷ ಗಾಳಿಯಾಡಲು ಬಿಡಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ, ಮಿಥೇನ್ ಹೊತ್ತಿಕೊಳ್ಳುತ್ತದೆ. ಸೆಪ್ಟಿಕ್ ಟ್ಯಾಂಕ್, ಆಳದ ಮ್ಯಾನ್‌ಹೋಲ್ ಒಳಗೆ ಮನುಷ್ಯನನ್ನು ಇಳಿಸುವ ಮಾತೇ ಇಲ್ಲ. ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸಬಲ್ಲದು. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಹೀಗೆ ಮನುಷ್ಯನನ್ನು ಇಳಿಸುವುದನ್ನು ಅಪರಾಧ ಎಂದಿದೆ. ಟ್ಯಾಂಕ್ ತುಂಬಿದ್ದರೆ ಸಕ್ಕಿಂಗ್ ಗಾಡಿ ಕರೆಸಿ.

ಮನೆಯ ಕಡೆಯಿಂದ ಬೀದಿಯ ಕಡೆಗೆ ಒಂದೊಂದೇ ಚೇಂಬರ್ ನೋಡುತ್ತ ಹೋಗಿ. ಮೊದಲನೆಯದು ತುಂಬಿ ಎರಡನೆಯದು ಒಣಗಿದ್ದರೆ ಅಡ್ಡಿ ಅವೆರಡರ ನಡುವೆ. ಎಲ್ಲವೂ ತುಂಬಿದ್ದರೆ ದೋಷ ಈ ಲೈನಿನದಲ್ಲ: ಬೀದಿಯ ಗಟಾರವೋ ಒಳಚರಂಡಿಯೋ ಸೆಪ್ಟಿಕ್ ಟ್ಯಾಂಕೋ ತುಂಬಿದೆ. ಮೊದಲ ಚೇಂಬರೇ ಖಾಲಿಯಿದ್ದೂ ಬಚ್ಚಲಲ್ಲಿ ನೀರು ನಿಂತಿದ್ದರೆ ಅಡ್ಡಿ ಮನೆಯ ಅಡಿಯಲ್ಲೇ ಇದೆ.

ನೀರು ಹರಿಯುತ್ತಿದೆ, ಆದರೂ ಅನುಮಾನವಿದೆ ಎಂದಾದರೆ ಬಕೆಟ್ ಪರೀಕ್ಷೆ. ಕೆಳಗಿನ ಚೇಂಬರ್‌ನ ಹೊರಹೋಗುವ ಬಾಯಿಗೆ ಉಸುಕು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಗೋಣಿಯಲ್ಲಿ ಸುತ್ತಿ ಒತ್ತಿ. ಚೀಲಕ್ಕೆ ಹಗ್ಗ ಕಟ್ಟಿ ಹೊರಗಿಡಲು ಮರೆಯಬೇಡಿ, ಒಳಗೆ ಜಾರಿದರೆ ಅದೇ ಹೊಸ ಕಾಯಿಲೆ. ಚೇಂಬರ್ ಗೋಡೆ ಚೆನ್ನಾಗಿ ನೆನೆಸಿ, ಒಂದು ಬಕೆಟ್ ನೀರನ್ನು ನೇರ ಚೇಂಬರಿಗೇ ಸುರಿದು ಎಷ್ಟು ಏರಿತು ಎಂದು ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆಯಿರಿ. ಆ ನೀರು ತೋಡಿ ತೆಗೆದು, ಮೇಲಿನ ಚೇಂಬರ್‌ನಿಂದ ಪೈಪಿಗೆ ಮೊದಲು ಒಂದು ಬಕೆಟ್ ಬಿಟ್ಟು ಪೈಪನ್ನು ನೆನೆಸಿ, ಅದನ್ನೂ ತೆಗೆದು, ಮತ್ತೊಂದು ಬಕೆಟ್ ಬಿಡಿ. ನೀರು ಗೆರೆ ಮುಟ್ಟಿದರೆ ಪೈಪ್ ಹೆಚ್ಚು ಕಳೆದುಕೊಳ್ಳುತ್ತಿಲ್ಲ. ಕಾಲು ಭಾಗ ಕಡಿಮೆ ಬಂದರೆ ಸೋರಿಕೆಯೋ, ನಡುವೆ ನೀರು ನಿಲ್ಲುವ ತಗ್ಗೋ ಇದೆ. ತಗ್ಗು ಒಮ್ಮೆ ತುಂಬಿದ ಮೇಲೆ ಮತ್ತೆ ನೀರು ನುಂಗುವುದಿಲ್ಲ. ಮೂರನೇ ಬಕೆಟ್‌ನಲ್ಲೂ ಕೊರತೆ ಬಿದ್ದರೆ ಅದು ಸೋರಿಕೆಯೇ. ಬರುವ ನೀರಿನ ಬಣ್ಣವನ್ನೂ ನೋಡಿ, ಕಪ್ಪು ಕೆಸರು ಬೆರೆತಿದ್ದರೆ ಪೈಪಿನೊಳಗೆ ಎರೆ ಮಣ್ಣು ಇಳಿದಿದೆ.

ನೀರು ಬರುವ ಹೊತ್ತೂ ಸುಳಿವು ಕೊಡುತ್ತದೆ. ಸರಿಯಾದ ಇಳಿಜಾರಿನ 4 ಇಂಚು ಪೈಪಿನಲ್ಲಿ 30 ಅಡಿ ದೂರಕ್ಕೆ ಅರ್ಧ ನಿಮಿಷ ಸಾಕು. ತಡವಾಗಿ ಬಂದು, ಆಮೇಲೆ ಐದಾರು ನಿಮಿಷ ಸಣ್ಣಗೆ ಜಿನುಗುತ್ತಲೇ ಇದ್ದರೆ ಪೈಪ್ ನಡುವೆ ಹೊಟ್ಟೆ ಬಿಟ್ಟಿದೆ. ಖಾತ್ರಿಗೆ ಕನ್ನಡಿ ಇದೆ: ಒಂದು ಚೇಂಬರ್‌ನಲ್ಲಿ ಟಾರ್ಚ್ ಹಿಡಿದು, ಇನ್ನೊಂದರಲ್ಲಿ ಕನ್ನಡಿಯನ್ನು ಓರೆಯಾಗಿ ಪೈಪಿನ ಬಾಯಿಗೆ ಇಡಿ. ಪೂರ್ತಿ ದುಂಡನೆಯ ಬೆಳಕು ಕಂಡರೆ ಪೈಪ್ ನೆಟ್ಟಗಿದೆ. ಅಡಿಭಾಗ ಕತ್ತರಿಸಿದಂತೆ ಕಂಡು ಅಲ್ಲಿ ನೀರು ಮಿನುಗಿದರೆ ತಗ್ಗು. ಬೆಳಕಿಗೆ ಅಡ್ಡ ಕೂದಲೆಳೆಯಂಥ ಗೆರೆಗಳು ಕಂಡರೆ ಬೇರು.

ದಬ್ಬೆ ಹಾಕಿ ದೂರ ಅಳೆಯುವುದು

ಬಿದಿರಿನ ದಬ್ಬೆ ಅಥವಾ ಪ್ಲಂಬರ್ ಸ್ಪ್ರಿಂಗ್ ಎರಡರಲ್ಲಿ ಯಾವುದಾದರೂ ಸರಿ. ಕೆಳಗಿನ ಚೇಂಬರ್‌ನಿಂದ ಮೇಲಕ್ಕೆ ತಳ್ಳಿ, ಆಗ ಬಿಡುಗಡೆಯಾದ ಹೊಲಸು ಕೆಳಕ್ಕೇ ಹರಿಯುತ್ತದೆ. ತುದಿ ಮೆತ್ತಗೆ ಒತ್ತಿ ಹಿಂದಕ್ಕೆ ಪುಟಿದರೆ ಎಣ್ಣೆ ಜಿಡ್ಡೋ ಬಟ್ಟೆಯೋ. ಟಕ್ ಎಂದು ತಾಗಿ ಕೆರೆದಂತಾದರೆ ಒಡೆದ ಪೈಪಿನ ಚೂರೋ ಕಲ್ಲೋ. ಹೊರಗೆಳೆದ ತುದಿಯಲ್ಲಿ ಹಸಿ ಕಪ್ಪು ಮಣ್ಣು ಮೆತ್ತಿದ್ದರೆ ಅಲ್ಲಿ ಪೈಪ್ ಇಲ್ಲವೆಂದೇ ತಿಳಿಯಿರಿ, ಇನ್ನೂ ತಳ್ಳಿದರೆ ಬಿರುಕು ದೊಡ್ಡದಾಗುತ್ತದೆ.

ತುದಿ ತಾಗಿದ ಕ್ಷಣದಲ್ಲಿ, ಚೇಂಬರ್ ಗೋಡೆಯ ನೇರಕ್ಕೆ ದಬ್ಬೆಗೆ ಕೆಂಪು ಬಟ್ಟೆ ಕಟ್ಟಿ. ಹೊರಗೆಳೆದು, ಬಟ್ಟೆ ಚೇಂಬರ್ ಗೋಡೆಯ ಮೇಲೆ ಬರುವಂತೆ ನೆಲದ ಮೇಲೆ ಲೈನಿನ ದಿಕ್ಕಿಗೆ ಮಲಗಿಸಿ. ದಬ್ಬೆಯ ತುದಿ ಬಂದು ನಿಂತ ಜಾಗದಲ್ಲಿ ಗೂಟ ಹೊಡೆಯಿರಿ. ಮೇಲಿನ ಚೇಂಬರ್‌ನಿಂದಲೂ ಹೀಗೆಯೇ ಅಳೆದಾಗ ಎರಡು ಗೂಟ ಹತ್ತಿರ ಬಂದರೆ ದೋಷ ಒಂದೇ ಕಡೆ. ಆರೆಂಟು ಅಡಿ ಅಂತರ ಉಳಿದರೆ ನಡುವಿನ ಪೈಪ್ ಉದ್ದಕ್ಕೂ ಕೆಟ್ಟಿರಬಹುದು.

ಬೇವಿನ ಮರ ಹತ್ತಿರವಿದ್ದು, ಹಳೆಯ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪ್ ಇದ್ದರೆ ಬೇರನ್ನು ಮೊದಲೇ ಊಹಿಸಬಹುದು. ಇಂಥ ಪೈಪಿನ ಎರಡಡಿಗೊಂದು ಜಾಯಿಂಟಿಗೆ ಸಿಮೆಂಟ್ ಮೆತ್ತಿರುತ್ತಾರೆ. ಮಣ್ಣು ಅಲುಗಿದಾಗ ಆ ಸಿಮೆಂಟ್ ಬಳೆ ದಾರದಷ್ಟು ಸಣ್ಣಗೆ ಸೀಳುತ್ತದೆ. ಸೀಳಿನಿಂದ ಒಳನುಗ್ಗುವ ಬೇರು ಆರಂಭದಲ್ಲಿ ಹೊಲಿಗೆ ದಾರದಷ್ಟೇ ಇರುತ್ತದೆ. ಒಳಗೆ ನೀರು ಸಿಕ್ಕ ಮೇಲೆ ಹೆಣೆದು ಹೆಣೆದು ತೆಂಗಿನ ನಾರಿನ ಉಂಡೆಯಂತಾಗಿ, ಬಿದ್ದ ಹೊಲಸನ್ನೆಲ್ಲ ಹಿಡಿದಿಡುತ್ತದೆ. ಕತ್ತರಿಸಿ ತೆಗೆದರೆ ಒಂದು ಮಳೆಗಾಲ ನೆಮ್ಮದಿ ಸಿಗಬಹುದು, ಸೀಳು ಇರುವವರೆಗೆ ಬೇರು ಮತ್ತೆ ಬರುತ್ತದೆ.

ಯಾವ ಶಾಖೆ ಎಲ್ಲಿ ಸೇರುತ್ತದೆ ಎಂಬ ಗೊಂದಲವಿದ್ದರೆ ಎರಡು ಚಮಚ ನೀಲಿ ಕಲಸಿದ ನೀರನ್ನು ಒಂದೊಂದು ಬಾಯಿಗೆ ಬಿಟ್ಟು ಯಾವ ಚೇಂಬರ್‌ನಲ್ಲಿ ಬಣ್ಣ ಬರುತ್ತದೆ ನೋಡಿ. ಬಣ್ಣ ಚೇಂಬರಿಗೆ ಬರದೆ ಗೋಡೆಯ ಬುಡದಲ್ಲೋ ಸಂಪಿನಲ್ಲೋ ಕಂಡರೆ ದೋಷದ ಜಾಗ ಸಿಕ್ಕಂತೆಯೇ.

ವಾಸನೆ ಮಾತ್ರ ಇದ್ದರೆ ಅಗೆಯಬೇಡಿ. ಬಳಸದ ಬಚ್ಚಲಿನ ಟ್ರ್ಯಾಪ್‌ನಲ್ಲಿ ನಿಂತಿರಬೇಕಾದ 50 ಮಿ.ಮೀ. ನೀರು ನಮ್ಮ ಬೇಸಿಗೆಗೆ ಬೇಗ ಆರಿಹೋಗುತ್ತದೆ. ವಾರಕ್ಕೊಂದು ತಂಬಿಗೆ ನೀರು ಹಾಕಿ. ಊರಿಗೆ ಹೋಗುವುದಿದ್ದರೆ ಮೇಲೊಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆವಿಯಾಗುವುದು ತಡವಾಗುತ್ತದೆ. ದಿನಾ ಬಳಸುವ ಬಚ್ಚಲೂ ನಾರಿದರೆ ಗಾಳಿ ಪೈಪ್ ನೋಡಿ, ತುದಿಯ ಕೌಲ್‌ನಲ್ಲಿ (ಟೊಪ್ಪಿಗೆ) ಹಕ್ಕಿ ಗೂಡು ಕಟ್ಟಿರಬಹುದು.

ಆಸಿಡ್ ಬಗ್ಗೆ ಇಷ್ಟು ಹೇಳಲೇಬೇಕು. ಅದು ಬೇರನ್ನು ಕರಗಿಸುವುದಿಲ್ಲ, ಮಣ್ಣನ್ನೂ ಕರಗಿಸುವುದಿಲ್ಲ, ಜಾಯಿಂಟಿನ ಸಿಮೆಂಟನ್ನು ಮಾತ್ರ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ತುಂಡು ಬದಲಿಸುವುದೋ, ಇಡೀ ಲೈನ್ ಬದಲಿಸುವುದೋ

ಪಿವಿಸಿ ಪೈಪಿನಲ್ಲಿ ಒಂದೇ ಕಡೆ ಬಿರುಕಿದ್ದು, ಇಳಿಜಾರು ಸರಿಯಿದ್ದರೆ ತುಂಡು ಸಾಕು. ಸ್ಟೋನ್‌ವೇರ್ ಲೈನಿನಲ್ಲಿ ಎರಡಕ್ಕಿಂತ ಹೆಚ್ಚು ಜಾಯಿಂಟ್ ಸೀಳಿದ್ದರೆ, ಪೈಪ್ ಹೊಟ್ಟೆ ಬಿಟ್ಟಿದ್ದರೆ ಚೇಂಬರ್‌ನಿಂದ ಚೇಂಬರ್‌ವರೆಗೆ ಬದಲಿಸುವುದೇ ಮೇಲು. ಬಿರುಕಿನ ಮೇಲೆ ಎಂ-ಸೀಲ್ ಅಂಟು ಮೆತ್ತಿ ಮಣ್ಣು ಮುಚ್ಚುವುದು ಕೆಲಸವೇ ಅಲ್ಲ. ಒದ್ದೆ ಪೈಪಿಗೆ ಅದು ಹಿಡಿಯುವುದಿಲ್ಲ, ಹಿಡಿದರೂ ಮಣ್ಣು ಅಲುಗಿದಾಗ ಬಿಡುತ್ತದೆ.

ತುಂಡು ಬದಲಿಸುವಾಗ ಬಿರುಕಿನ ಎರಡೂ ತುದಿಯಾಚೆ 150 ಮಿ.ಮೀ. ಗಟ್ಟಿ ಪೈಪ್ ಸೇರಿಸಿ ಕತ್ತರಿಸಿ, ಕಣ್ಣಿಗೆ ಕಾಣದ ಸೀಳು ಅಷ್ಟು ದೂರ ಓಡಿರುತ್ತದೆ. ಬೇಕಾಗುವುದು ಒಳಗೆ ತಡೆ ಇಲ್ಲದ, ರಬ್ಬರ್ ರಿಂಗ್ ಇರುವ ಎರಡು ರಿಪೇರಿ ಕಪ್ಲರ್ (ಎರಡು ಪೈಪ್ ಕೂಡಿಸುವ ತೋಳು). ಸಾಮಾನ್ಯ ಕಪ್ಲರ್‌ನ ನಡುವೆ ಏಣು ಇರುತ್ತದೆ, ಅದು ಪೈಪಿನ ಮೇಲೆ ಪೂರ್ತಿ ಜಾರುವುದಿಲ್ಲ. ಹೊಸ ತುಂಡನ್ನು ಖಾಲಿ ಜಾಗಕ್ಕಿಂತ 10 ಮಿ.ಮೀ. ಗಿಡ್ಡಗೆ ಕತ್ತರಿಸಿ. ಕಪ್ಲರ್‌ಗಳನ್ನು ಹಳೆಯ ಪೈಪಿನ ಮೇಲೆ ಪೂರ್ತಿ ಹಿಂದಕ್ಕೆ ಜಾರಿಸಿ, ತುಂಡನ್ನು ಕೂಡಿಸಿ, ಮತ್ತೆ ಮುಂದಕ್ಕೆ ಎಳೆದು ಜಾಯಿಂಟ್ ಕಪ್ಲರ್‌ನ ನಟ್ಟನಡುವೆ ಬರುವಂತೆ ಮಾಡಿ. ನಡು ಎಲ್ಲಿ ಎಂದು ಮೊದಲೇ ಪೈಪಿನ ಮೇಲೆ ಪೆನ್ಸಿಲ್ ಗುರುತು ಹಾಕದಿದ್ದರೆ ಆಮೇಲೆ ತಿಳಿಯುವುದಿಲ್ಲ.

ಸ್ಟೋನ್‌ವೇರ್ ಬಾಯಿಗೆ ಪಿವಿಸಿ ಕೂಡಿಸುವ ಜಾಗವೇ ಹೆಚ್ಚು ಸೋರುವುದು. ಸ್ಟೀಲ್ ಕ್ಲ್ಯಾಂಪ್ ಇರುವ ರಬ್ಬರ್ ಕಪ್ಲಿಂಗ್ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ ಪಿವಿಸಿ ತುದಿಯ ನಾಲ್ಕು ಇಂಚಿಗೆ ಸಾಲ್ವೆಂಟ್ (ಪಿವಿಸಿ ಅಂಟು) ಬಳಿದು, ಒದ್ದೆಯಿರುವಾಗಲೇ ಒಣ ಉಸುಕಿನಲ್ಲಿ ಉರುಳಿಸಿ ಒಂದು ದಿನ ಆರಲು ಬಿಡಿ. ನುಣುಪು ಪಿವಿಸಿಯನ್ನು ಸಿಮೆಂಟ್ ಹಿಡಿಯುವುದಿಲ್ಲ, ಉಸುಕು ಅಂಟಿದ್ದನ್ನು ಹಿಡಿಯುತ್ತದೆ. ಸಾಕೆಟ್ ಒಳಗೆ ಕೂಡಿಸಿ, ಸುತ್ತ ಡಾಂಬರಿನಲ್ಲಿ ಅದ್ದಿದ ಸೆಣಬನ್ನು ಜಡಿದು, ಮೇಲೆ 1:1 ಸಿಮೆಂಟ್ ಉಸುಕಿನ ಗಾರೆಯನ್ನು ಇಳಿಜಾರಾಗಿ ಮೆತ್ತಿ ಮೂರು ದಿನ ಒದ್ದೆ ಗೋಣಿ ಹೊದಿಸಿ.

ಹೊಸ ಲೈನ್ ಹಾಕುವುದು

ಅಂಗಡಿಯಲ್ಲಿ "ಎಸ್‌ಡಬ್ಲ್ಯುಆರ್ 4 ಇಂಚು ಕೊಡಿ" (ಸಂಡಾಸು, ಬಚ್ಚಲು, ಮಳೆನೀರಿನ ಪಿವಿಸಿ ಪೈಪ್) ಎಂದರೆ ಸಾಲದು. ಭಾರತೀಯ ಮಾನಕ ಐಎಸ್ 13592 ಪ್ರಕಾರ ಎರಡು ಬಗೆ ಇವೆ: 110 ಮಿ.ಮೀ. ಟೈಪ್ ಎ ಗೋಡೆಯ ದಪ್ಪ 2.2 ಮಿ.ಮೀ., ಟೈಪ್ ಬಿ ಯದು 3.2 ಮಿ.ಮೀ. ಎ ಇರುವುದು ಮಳೆನೀರಿಗೆ, ಗಾಳಿ ಪೈಪಿಗೆ. ಸಂಡಾಸು, ಬಚ್ಚಲಿಗೆ ಬಿ. ನೆಲದೊಳಗಿನ ಲೈನಿಗೆಂದೇ ಐಎಸ್ 15328 ಗುರುತಿನ ಪೈಪ್ ಬರುತ್ತದೆ, ಸಿಕ್ಕರೆ ಅದೇ ಉತ್ತಮ. ಪೈಪಿನ ಮೇಲಿನ ಮುದ್ರೆ ಓದಿ ಕೊಳ್ಳಿ. ಅಂಗಡಿ ಮುಂದೆ ಬಿಸಿಲಲ್ಲಿ ಬಿದ್ದು ಬಣ್ಣ ಮಾಸಿದ್ದು ಬೇಡ, ಅದು ಪೆಡಸಾಗಿರುತ್ತದೆ.

ಇಳಿಜಾರು 4 ಇಂಚು ಪೈಪಿಗೆ 40ಕ್ಕೆ 1, ಅಂದರೆ ಹತ್ತು ಅಡಿಗೆ ಮೂರು ಇಂಚು. 6 ಇಂಚು ಪೈಪಿಗೆ 60ಕ್ಕೆ 1, ಹತ್ತು ಅಡಿಗೆ ಎರಡು ಇಂಚು. ಅಗೆಯುವ ಮುನ್ನ ಬೀದಿಯ ಬಾಯಿಯ ಮಟ್ಟವನ್ನು ನೀರಿನ ಟ್ಯೂಬಿನಿಂದ ಅಳೆಯಿರಿ. ಸಿಸಿ ರಸ್ತೆಯ ಮೇಲೆ ಸಿಸಿ ರಸ್ತೆ ಹಾಕುತ್ತ ಹೋದ ಹಳೆಯ ಓಣಿಗಳಲ್ಲಿ ಮನೆಯೇ ಗಟಾರಕ್ಕಿಂತ ತಗ್ಗಿಗೆ ಬಂದಿರುತ್ತದೆ. ಅಲ್ಲಿ ಇಳಿಜಾರು ಸಿಗದಿದ್ದರೆ ಪೈಪ್ ಬದಲಿಸಿ ಉಪಯೋಗವಿಲ್ಲ, ಬಚ್ಚಲಿನ ನೆಲವನ್ನೇ ಎತ್ತರಿಸಬೇಕು. ರಸ್ತೆ ಕತ್ತರಿಸುವುದಿದ್ದರೆ ಪಾಲಿಕೆ, ನಗರಸಭೆ ಅಥವಾ ಪಂಚಾಯಿತಿಯ ಅನುಮತಿ ಬೇಕು.

ಎರೆ ನೆಲದಲ್ಲಿ ಪೈಪಿಗಿಂತ ಪೈಪಿನ ಹಾಸಿಗೆ ಮುಖ್ಯ. ಅಗಲ ಒಂದೂವರೆ ಅಡಿ. ಪೈಪ್ ಕೂರುವ ಮಟ್ಟಕ್ಕಿಂತ 250 ಮಿ.ಮೀ. ಕೆಳಗೆ ಅಗೆದು, 150 ಮಿ.ಮೀ. ಗರಸು ಹಾಕಿ ನೀರು ಚಿಮುಕಿಸಿ ದಮ್ಮಸು ಮಾಡಿ, ಮೇಲೆ 100 ಮಿ.ಮೀ. ಉಸುಕು. ಪೈಪ್ ಇಟ್ಟ ಮೇಲೆ ಎರಡೂ ಬದಿಗೆ ಉಸುಕನ್ನು ಕಾಲಿನಿಂದ ಒತ್ತುತ್ತ ತುಂಬಿ, ಪೈಪಿನ ನೆತ್ತಿಯ ಮೇಲೆ ಇನ್ನೂ 150 ಮಿ.ಮೀ. ಬರಲಿ. ಅಗೆದ ಎರೆ ಮಣ್ಣು ಪೈಪಿಗೆ ತಾಗಲೇಬಾರದು. ಉಸುಕು ದುಬಾರಿಯಾದರೆ ಕ್ರಷರ್ ಪುಡಿ ನಡೆಯುತ್ತದೆ. ಬಂಡೆ ನೆಲಕ್ಕೆ ಗರಸು ಬೇಕಿಲ್ಲ, 150 ಮಿ.ಮೀ. ಉಸುಕು ಸಾಕು.

30 ಅಡಿ ಲೈನಿಗೆ ಲೆಕ್ಕ ಹೀಗೆ: 3 ಮೀಟರಿನ ಪೈಪ್ 3, ಜೊತೆಗೆ ಕತ್ತರಿಸಿ ಬಳಸಲು ಒಂದು, 45 ಡಿಗ್ರಿ ಬೆಂಡ್ 2, ಹೆಚ್ಚುವರಿ ರಬ್ಬರ್ ರಿಂಗ್ 4, ಉಸುಕು ಅರ್ಧ ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ), ಅಡಿಗೆ ಹಾಕುವ ಗರಸು, ದಮ್ಮಸಿಗೆ ಕುಗ್ಗುವುದೂ ಸೇರಿ, ಕಾಲು ಬ್ರಾಸ್‌ಗಿಂತ ತುಸು ಹೆಚ್ಚು.

ಹೀಗೆ ಉಸುಕು ತುಂಬಿದ ಕಾಲುವೆಗೆ ಒಂದು ದೋಷವಿದೆ. ಮಳೆ ನೀರು ಅದರೊಳಗೇ ಇಳಿದು, ಮಣ್ಣಿನಡಿ ಹರಿದು ಅಡಿಪಾಯದ ಬುಡಕ್ಕೆ ಬರಬಹುದು. ಅದಕ್ಕೆ ಗೋಡೆಯಿಂದ ಎರಡಡಿ ದೂರದಲ್ಲಿ ಒಂದಡಿ ಉದ್ದಕ್ಕೆ ಉಸುಕು ಬಿಟ್ಟು, ದಮ್ಮಸು ಮಾಡಿದ ಅಂಟು ಗರಸಿನ ತಡೆ ಕಟ್ಟಿ.

ಗೋಡೆ ದಾಟುವಲ್ಲಿ ಪೈಪಿಗೆ ಸಿಮೆಂಟ್ ಬಿಗಿದು ಕಟ್ಟಬೇಡಿ. ಸುತ್ತ ಒಂದು ಇಂಚು ಜಾಗ ಬಿಟ್ಟು ಡಾಂಬರು ಸೆಣಬು ತುರುಕಿ. ಹೊರಬಂದ ಕೂಡಲೇ ಒಂದು ರಿಂಗ್ ಜಾಯಿಂಟ್, ಎರಡಡಿ ಪೈಪ್, ಮತ್ತೊಂದು ರಿಂಗ್ ಜಾಯಿಂಟ್. ಮಣ್ಣು ಏರಿಳಿದಾಗ ಆ ಎರಡಡಿ ತುಂಡು ಕೀಲಿನಂತೆ ಮಣಿಯುತ್ತದೆ, ಮುರಿಯುವುದಿಲ್ಲ. ಚೇಂಬರ್ ಸೇರುವಲ್ಲೂ ಹೀಗೇ. ಇದಕ್ಕೆ ಹೆಚ್ಚಾಗುವ ಖರ್ಚು ಎರಡು ಕಪ್ಲರ್ ಮಾತ್ರ, ಎರೆ ನೆಲದಲ್ಲಿ ಇದನ್ನು ಬಿಡಲೇಬಾರದು.

ರಿಂಗ್ ಜಾಯಿಂಟಿಗೆ ಪೈಪಿನ ತುದಿಯನ್ನು ಅರದಿಂದ ಓರೆ ಮಾಡಿ, ಸಾಬೂನು ನೀರು ಹಚ್ಚಿ ಪೂರ್ತಿ ತಳ್ಳಿ, 10 ಮಿ.ಮೀ. ಹಿಂದಕ್ಕೆ ಎಳೆಯಿರಿ. ಬಿಸಿಗೆ ಪೈಪ್ ಹಿಗ್ಗಲು ಆ ಜಾಗ ಬೇಕು. ಗ್ರೀಸ್, ಎಂಜಿನ್ ಎಣ್ಣೆ ಹಚ್ಚಿದರೆ ರಬ್ಬರ್ ಹಾಳಾಗುತ್ತದೆ. ಸಾಲ್ವೆಂಟ್ ಜಾಯಿಂಟ್ ಕೆಲಸವನ್ನು ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ರಾಯಚೂರಿನ ಮಧ್ಯಾಹ್ನದ ಬಿಸಿಲಿಗೆ ಅದು ಕೂಡಿಸುವ ಮುನ್ನವೇ ಒಣಗಿ, ಹೊರಗೆ ಗಟ್ಟಿ ಕಂಡರೂ ಒಳಗೆ ಹಿಡಿದಿರುವುದಿಲ್ಲ. ಬೆಲ್ಲದ ಪಾಕದಂತೆ ಗಟ್ಟಿಯಾದ ಡಬ್ಬಿ ಬಿಸಾಡಿ. ತಿರುವಿನಲ್ಲಿ ಒಂದು 90 ಡಿಗ್ರಿ ಬದಲು ಎರಡು 45 ಡಿಗ್ರಿ ಬೆಂಡ್, ಕೂಡುವಲ್ಲಿ ಟೀ ಬದಲು ವೈ ಹಾಕಿ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಈ ಕೆಲಸಕ್ಕೆ ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗಿನ ದಿನಗಳು ಒಳ್ಳೆಯವು. ಮಣ್ಣು ಪೂರ್ತಿ ಉಬ್ಬಿಯೂ ಇರುವುದಿಲ್ಲ, ಬಿರಿದೂ ಇರುವುದಿಲ್ಲ. ನಾಲ್ಕಡಿಗಿಂತ ಆಳ ಹೋದರೆ ಬದಿಗೆ ಹಲಗೆ ಆಸರೆ ಕೊಡಿ, ಅಗೆದ ಮಣ್ಣನ್ನು ಅಂಚಿನಿಂದ ಎರಡಡಿ ದೂರ ಹಾಕಿ. ಹಸಿ ಎರೆ ಮಣ್ಣು ಸದ್ದಿಲ್ಲದೆ ಕುಸಿಯುತ್ತದೆ.

ಮುಚ್ಚುವ ಮುನ್ನ

ಸಾಲ್ವೆಂಟ್ ಜಾಯಿಂಟ್ ಇದ್ದರೆ 24 ಗಂಟೆ ಬಿಡಿ. ಪೈಪ್ ಅಲುಗದಂತೆ ನಡುನಡುವೆ ಉಸುಕು ಹಾಕಿ, ಜಾಯಿಂಟ್‌ಗಳನ್ನು ತೆರೆದೇ ಇಟ್ಟು, ಕೆಳಬಾಯಿ ಮುಚ್ಚಿ ನೀರು ತುಂಬಿಸಿ. ಅರ್ಧ ಗಂಟೆ ಬಿಟ್ಟು ಪ್ರತಿ ಜಾಯಿಂಟಿನ ಅಡಿಗೆ ಒಣ ಕಾಗದ ಹಿಡಿಯಿರಿ. ಕೈಗೆ ತಿಳಿಯದ ಜಿನುಗು ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಸೋರಿದ ರಿಂಗ್ ಜಾಯಿಂಟ್ ಬಿಚ್ಚಿದರೆ ಹೆಚ್ಚಾಗಿ ರಿಂಗ್ ಮಡಚಿರುತ್ತದೆ ಅಥವಾ ಅದರಡಿ ಉಸುಕಿನ ಕಾಳು ಸಿಕ್ಕಿರುತ್ತದೆ, ಒರೆಸಿ ಮತ್ತೆ ಕೂಡಿಸಿ. ನೀರು ಬಿಟ್ಟ ಮೇಲೆ ಇನ್ನೊಮ್ಮೆ ಟಾರ್ಚ್, ಕನ್ನಡಿ ಹಿಡಿದು ದುಂಡನೆಯ ಬೆಳಕು ನೋಡಿ, ಆಮೇಲೆ ಉಸುಕು ತುಂಬಿ.

ಮೇಲಿನ ಪದರವನ್ನು ಆರಾರು ಇಂಚಿಗೊಮ್ಮೆ ದಮ್ಮಸು ಮಾಡಿ. ಗಾಡಿ ಹಾಯುವ ಜಾಗದಲ್ಲಿ ಪೈಪಿನ ನೆತ್ತಿಯ ಮೇಲೆ ಕನಿಷ್ಠ ಎರಡಡಿ ಮುಚ್ಚಿಗೆ ಇರಲಿ, ಅಷ್ಟು ಆಳ ಸಿಗದಿದ್ದರೆ ಉಸುಕಿನ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಸು ಹಾಕಿ. ಕಾಲುವೆ ತೆರೆದಿರುವಾಗಲೇ ಅಳತೆ ಪಟ್ಟಿ ಹಾಸಿ ಫೋಟೊ ತೆಗೆದುಕೊಂಡು, ಮನೆಯ ಮೂಲೆಯಿಂದ ಲೈನ್ ಎಷ್ಟು ಅಡಿ, ಎಷ್ಟು ಆಳ ಎಂಬುದನ್ನು ಬರೆದಿಟ್ಟುಕೊಳ್ಳಿ. ಮರುವರ್ಷ ನಾಲ್ಕೈದು ಮಳೆ ಆದ ಮೇಲೆ ಒಮ್ಮೆ ಚೇಂಬರ್ ತೆರೆದು ಬಕೆಟ್ ಪರೀಕ್ಷೆ ಮಾಡಿ ನೋಡಿ.